ಮರಕ್ಕೆ ಕಿವಿಯಿಟ್ಟು ಕೇಳಿದ್ದು

ಅಪ್ಪ, ಎಲ್ಲೇ ಇದ್ದರೂ ಒಂದು ಗಳಿಗೆ ಇತ್ತ ಕಿವಿ ಕೊಡು,

ಇದನ್ನು ಪೆನ್ಸಿಲಿನಲ್ಲಿ ಬರೆಯುತ್ತಿದ್ದೇನೆ. ಕಂಪ್ಯೂಟರಿನ ಕೀಲಿಗಳನ್ನು ಒತ್ತಿದರೆ ನಿನ್ನ ಮೊಮ್ಮಗಳು ಎದ್ದುಬಿಡುತ್ತಾಳೆ ಎಂಬ ಹೆದರಿಕೆ. ಅವಳು ಹುಟ್ಟಿದಾಗಿನಿಂದ ನಮ್ಮ ಕರೆಗಂಟೆಯೊಳಗೆ ಹತ್ತಿ ತುರುಕಿದೆ. ಚಮಚಗಳನ್ನು ಬಟ್ಟೆಯ ಮೇಲೆ ಇಡುತ್ತೇವೆ. ನಿನ್ನ ಅಳಿಯ ಸೀನು ಬಂದರೆ ಬಾಲ್ಕನಿಗೆ ಓಡುತ್ತಾನೆ. ಅವಳು ಮಲಗಿದರೆ ಉಸಿರಾಡುತ್ತಿದ್ದಾಳೋ ಇಲ್ಲವೋ ಎಂದು ಮೂಗಿನ ಹತ್ತಿರ ಬೆರಳು ಹಿಡಿಯುತ್ತೇನೆ, ಎದ್ದರೆ ಯಾಕಾದರೂ ಎದ್ದಳೋ ಎಂದು ಅಳು ಬರುತ್ತದೆ. ನಾನು ನೆಟ್ಟಗೆ ನಿದ್ದೆ ಮಾಡಿ ಎಷ್ಟು ಕಾಲವಾಯಿತೋ. ಮೊನ್ನೆ ಅಮ್ಮ ಬಂದವಳು ನನ್ನ ನಡಿಗೆ ನೋಡಿ, "ಥೇಟ್ ನಿಮ್ಮಪ್ಪನೇ ಕಣೇ ನೀನು. ಅವರೂ ಹಿಂಗೇ ಬೆಕ್ಕಿನ ಥರ ಓಡಾಡ್ತಿದ್ರು" ಎಂದಳು. ಆಗಿನಿಂದ ನೀನು ತಲೆಯಿಂದ ಇಳಿಯುತ್ತಿಲ್ಲ.

ಹೋಟೆಲಿನ ವಾದ್ಯಮೇಳದಲ್ಲಿ ನೀನು ಲ್ಯಾಪ್ ಸ್ಟೀಲ್ ಗಿಟಾರ್ ನುಡಿಸುತ್ತಿದ್ದೆ. ತೊಡೆಯ ಮೇಲೆ ಅಡ್ಡಡ್ಡ ಮಲಗಿಸಿ, ಎಡಗೈಯಲ್ಲಿ ಉಕ್ಕಿನ ತುಂಡೊಂದನ್ನು ಹಿಡಿದು ತಂತಿಗಳ ಮೇಲೆ ಜಾರಿಸುವ ವಾದ್ಯ. ಒಳಗೆ ಟೊಳ್ಳಿಲ್ಲದ ಗಟ್ಟಿ ಮರ. ಆಂಪ್ಲಿಫೈಯರಿಗೆ ಸಿಕ್ಕಿಸದಿದ್ದರೆ ಸೊಳ್ಳೆ ಗುಂಯ್‌ಗುಟ್ಟಿದಷ್ಟೇ ಸದ್ದು. ಮನೆಯಲ್ಲಿ ನೀನು ಅದನ್ನು ಸಿಕ್ಕಿಸಲೇ ಇಲ್ಲ. ನನ್ನನ್ನು ಆಸ್ಪತ್ರೆಯಿಂದ ತಂದ ದಿನ ವೈರು ಸುತ್ತಿ ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದೆಯಂತೆ, ಮಗು ಎದ್ದೀತು ಅಂತ. ಮಗು ಅಂಬೆಗಾಲಿಟ್ಟಿತು, ಶಾಲೆಗೆ ಹೋಯಿತು, ಕಾಲೇಜು ಮುಗಿಸಿತು. ವೈರು ಮೊಳೆಯ ಮೇಲೇ ಇತ್ತು. ಮಗು ದೊಡ್ಡದಾಯಿತು, ಇನ್ನು ಪರವಾಗಿಲ್ಲ ಎಂದು ಅಮ್ಮ ಹೇಳಲಿಲ್ಲ, ನನಗೆ ಹೊಳೆಯಲಿಲ್ಲ, ನೀನಂತೂ ಕೇಳುವವನೇ ಅಲ್ಲ. ಒಮ್ಮೆ ರೂಢಿಯಾದದ್ದು ನಮ್ಮ ಮನೆಯಲ್ಲಿ ಹಾಗೇ ಗೋಡೆಯಾಗಿ ನಿಂತುಬಿಡುತ್ತದೆ.

ನನಗೊಂದು ಉಪಾಯ ಗೊತ್ತಿತ್ತಲ್ಲ, ನೆನಪಿದೆಯಾ? ನೀನು ನುಡಿಸುವಾಗ ನೆಲದ ಮೇಲೆ ಕೂತು, ಗಿಟಾರಿನ ತುದಿಗೆ ಕಿವಿ ಒತ್ತಿ ಹಿಡಿಯುತ್ತಿದ್ದೆ. ಸೊಳ್ಳೆಯ ಸದ್ದು ತಟ್ಟನೆ ಬಾವಿಯೊಳಗೆ ಕೂಗಿದಂತಾಗುತ್ತಿತ್ತು. "ಕಿವಿ ತೆಗಿಯೇ ಕೋತಿ, ಶ್ರುತಿ ಹೋಗುತ್ತೆ" ಎಂದು ನೀನು ಬೈಯುತ್ತಿದ್ದೆ, ಆದರೆ ನನ್ನನ್ನು ಸರಿಸುತ್ತಿರಲಿಲ್ಲ. ಅದೇ ನಿನ್ನ ಸಂಗೀತ ಎಂದುಕೊಂಡು ಬೆಳೆದೆ. ಹೋಟೆಲಿನ ಸಭಾಂಗಣಕ್ಕೆ ಕೆಲಸಗಾರರ ಮನೆಯವರನ್ನು ಬಿಡುತ್ತಿರಲಿಲ್ಲ. ಮೇಳ ನಿಂತುಹೋದಾಗ ಗಿಟಾರು, ಆಂಪ್ಲಿಫೈಯರು ಎರಡನ್ನೂ ಹೋಟೆಲಿನವರು ವಾಪಸು ತೆಗೆದುಕೊಂಡರು. ಅಂಗಿಯ ಜೇಬಿನಲ್ಲಿದ್ದ ಉಕ್ಕಿನ ತುಂಡು ಮಾತ್ರ ಉಳಿಯಿತು. ಮೊಮ್ಮಗಳು ಬರುವ ಮೊದಲೇ ನೀನೂ ಹೊರಟುಹೋದೆ. ಅಮ್ಮ ಈಗ ಆ ಉಕ್ಕಿನ ತುಂಡಿನಲ್ಲಿ ಶುಂಠಿ ಜಜ್ಜುತ್ತಾಳೆ. ಸಿಟ್ಟಾಗಬೇಡ, ತೊಳೆದೇ ಇಡುತ್ತಾಳೆ.

ಹೋದ ವಾರ ಆ ತುಂಡನ್ನು ಮಗುವಿನ ಬಟ್ಟೆಯ ಚೀಲದಲ್ಲಿ ಹಾಕಿಕೊಂಡು ವಾದ್ಯಗಳ ಅಂಗಡಿಗೆ ಹೋದೆ. ನಿನ್ನ ಸದ್ದು ಹೇಗಿತ್ತೋ ಅದು ನನಗೆ ಬೇಕಿತ್ತು, ನನ್ನ ಮಗಳಿಗೂ ಬೇಕಿತ್ತು. ಅಳಿಯ ಮಗುವನ್ನು ಎದೆಗೆ ಕಟ್ಟಿಕೊಂಡು ಹೊರಗೇ ನಿಂತ. ಅಂಗಡಿಯಾಕೆ ಬಾಯಿಬಡುಕಿ. ಎಂಟು ತಂತಿಯದು, ಆರು ತಂತಿಯದು, ಉದ್ದನೆಯದು, ಗಿಡ್ಡನೆಯದು, ಎಲ್ಲವನ್ನೂ ನನ್ನ ತೊಡೆಯ ಮೇಲೆ ಮಲಗಿಸಿ ಮಲಗಿಸಿ ತೆಗೆದಳು. ನಾನು ಒಂದೊಂದನ್ನೂ ಮೀಟಿ, ಬಗ್ಗಿ, ಮರಕ್ಕೆ ಕಿವಿ ಇಡುತ್ತಿದ್ದೆ. "ಏನ್ ಮೇಡಂ, ಡಾಕ್ಟ್ರಾ ನೀವು? ಅದರ ಎದೆ ಬಡಿತ ನೋಡ್ತಿದ್ದೀರಲ್ಲ" ಎಂದಳು. ಕೊನೆಗೆ ಆರು ತಂತಿಯ ಗಿಡ್ಡನೆಯದು ತೊಡೆಗೆ ಸರಿಯಾಗಿ ಕೂತಿತು. ಆಮೇಲೆ, "ಸೌಂಡ್ ಯಾವ ಥರದ್ದು ಬೇಕು?" ಎಂದು ಕೇಳಿದಳು.

ನನ್ನ ಸ್ವಂತ ಅಪ್ಪನ ಸದ್ದು ಯಾವ ಥರದ್ದು ಎಂದು ನನಗೆ ಗೊತ್ತಿರಲಿಲ್ಲ.

ಮೊದಲು ಅಂಗೈ ಅಗಲದ ಬ್ಯಾಟರಿ ಆಂಪ್ಲಿಫೈಯರ್ ತೋರಿಸಿದಳು, ಇಯರ್‌ಫೋನ್ ಹಾಕಿಕೊಂಡು ನುಡಿಸುವಂಥದ್ದು. ಮಗು ಅತ್ತರೆ ನನಗೆ ಕೇಳಿಸುವುದಿಲ್ಲ ಎಂದು ಅದನ್ನು ಅಲ್ಲೇ ಕೆಳಗಿಟ್ಟೆ. ಮತ್ತೊಂದರಲ್ಲಿ ಗುಂಡಿ ತಿರುಗಿಸಿದಂತೆಲ್ಲ ದನಿ ಬದಲಾಗುತ್ತಿತ್ತು, ಯಾವುದೂ ಅದರ ಸ್ವಂತದ್ದಲ್ಲ. ಕಡೆಗೆ ಮೂಲೆಯಲ್ಲಿದ್ದ, ಹಳೇ ರೇಡಿಯೋದಂತೆ ಗಾಜಿನ ವಾಲ್ವುಗಳಿರುವ ಆಂಪ್ಲಿಫೈಯರಿಗೆ ಸಿಕ್ಕಿಸಿದಳು. ಕಬ್ಬಿಣದ ಪೆಟ್ಟಿಗೆಯಂಥ ಭಾರ. ಬಿಸಿಯಾಗಲು ಸ್ವಲ್ಪ ಹೊತ್ತು ಬೇಕಂತೆ. ಕಾದೆವು. ಅವಳು ನಿನ್ನ ಉಕ್ಕಿನ ತುಂಡನ್ನೇ ಇಸಿದುಕೊಂಡು ಒಂದು ತಂತಿಯ ಮೇಲೆ ನಿಧಾನಕ್ಕೆ ಜಾರಿಸಿದಳು.

ಇಳಿಜಾರು ಬಂದಾಗ ನೀನು ತುಳಿಯುವುದು ಬಿಟ್ಟು, ನನ್ನನ್ನು ಮುಂದೆ ಕೂರಿಸಿಕೊಂಡು ಸೈಕಲನ್ನು ಹರಿಯಬಿಡುತ್ತಿದ್ದೆಯಲ್ಲ, ಹಾಗಿತ್ತು. ಅಂಗಡಿಯ ಗಾಜು ನಡುಗಿತು. ನನ್ನ ಪಕ್ಕೆಲುಬೂ ನಡುಗಿತು. ಇಷ್ಟು ದೊಡ್ಡ ದನಿ ಇತ್ತೇ ನಿನಗೆ? ಹೋಟೆಲಿನಲ್ಲಿ ಊಟದ ತಟ್ಟೆಯಿಂದ ತಲೆಯೆತ್ತದವರೆಲ್ಲ ಇದನ್ನು ಕೇಳಿದ್ದರೇ?

ಆದರೂ ಅಂಗಡಿಯಾಕೆಗೆ ಹೇಳಿದ್ದೇನು ಗೊತ್ತಾ? "ಗಿಟಾರ್ ಸಾಕು. ಆಂಪ್ಲಿಫೈಯರ್ ಬೇಡ, ಮಗು ಏಳುತ್ತೆ." ಆಕೆ ಗೊಳ್ಳೆಂದು ನಕ್ಕಳು. "ಚಪ್ಪಲಿ ತಗೊಂಡು ನೆಲಕ್ಕೆ ಕಾಲಿಡಲ್ಲ ಅಂದಂಗಾಯ್ತು!"

ಮನೆಗೆ ಬಂದು ತೊಟ್ಟಿಲ ಪಕ್ಕ ಕೂತು, ವೈರಿಲ್ಲದೆ ನುಡಿಸಿದೆ. ಕಿವಿ ಇಡಲು ಬಗ್ಗಿದರೆ ಕೈ ಆಡುವುದಿಲ್ಲ. ಕೈ ಆಡಿಸಿದರೆ ಕಿವಿ ಮುಟ್ಟುವುದಿಲ್ಲ. ಆಗ ತಿಳಿಯಿತು. ನುಡಿಸುವವರಿಗೆ ಮರದೊಳಗಿನ ಸದ್ದು ದಕ್ಕುವುದೇ ಇಲ್ಲ. ಅಷ್ಟು ವರ್ಷ ನಾನು ಬಾವಿಯ ದನಿ ಕೇಳುತ್ತಿದ್ದಾಗ ನಿನಗೆ ಕೇಳುತ್ತಿದ್ದದ್ದು ಬರೀ ಸೊಳ್ಳೆ. ನನ್ನ ತಲೆಯನ್ನು ನೀನು ಯಾಕೆ ಸರಿಸಲಿಲ್ಲವೋ, ಅದಕ್ಕೆ ಉತ್ತರ ಇಷ್ಟು ತಡವಾಗಿ ಸಿಕ್ಕಿತು. ಆ ಮನೆಯಲ್ಲಿ ನಿನ್ನನ್ನು ಕೇಳಿಸಿಕೊಳ್ಳುತ್ತಿದ್ದದ್ದು ನಾನೊಬ್ಬಳೇ. "ಅಪ್ಪ, ಒಂದ್ಸಲ ಜೋರಾಗಿ ನುಡಿಸು" ಎನ್ನಲು ನನಗೇನಾಗಿತ್ತು?

ಇದನ್ನೆಲ್ಲ ನಿನ್ನ ಅಳಿಯನ ಮುಂದೆ ಹೇಳಿಕೊಂಡು ಅತ್ತೆ. ಮಾರನೆಯ ದಿನ ಆ ಭಾರದ ಪೆಟ್ಟಿಗೆಯನ್ನು ಹೊತ್ತು ಮೆಟ್ಟಿಲು ಹತ್ತಿ ಬಂದ. "ನನ್ನ ಸೊಂಟ ಹೋಯ್ತು ಮಾರಾಯ್ತಿ. ವಾಪಸ್ ಹೊರೋಕೆ ನನ್ನ ಕೈಲಿ ಆಗಲ್ಲ, ಇನ್ನು ನೀನುಂಟು ಅದುಂಟು."

ಇವತ್ತು ಬೆಳಿಗ್ಗೆ ಸಿಕ್ಕಿಸಿದೆ. ಮಗು ಪಕ್ಕದ ಕೋಣೆಯಲ್ಲಿ ಮಲಗಿತ್ತು. ಕೆಂಪು ದೀಪ ಹತ್ತಿತು. ಗುಂಡಿಯನ್ನು ಅರ್ಧಕ್ಕೆ ತಿರುಗಿಸಿ, ಉಕ್ಕನ್ನು ತಂತಿಯ ಮೇಲೆ ಇಟ್ಟು, ಬಿಟ್ಟೆ. ಅದು ಕೋಣೆ ತುಂಬಿ ಬಾಗಿಲು ದಾಟಿ ಹೋಯಿತು. ಅವಳು ಎದ್ದು ಕಿರುಚಿದಳು. ನನ್ನ ಕೈ ತಾನಾಗಿಯೇ ಗುಂಡಿಯತ್ತ ಹೋಯಿತು. ಹಿಡಿದು ನಿಲ್ಲಿಸಿದೆ. ಸ್ವರ ಹರಿದು ಹರಿದು ತಾನೇ ಮುಗಿಯುವವರೆಗೂ ಕೂತಿದ್ದೆ. ಆಮೇಲೆ ಹೋಗಿ ಎತ್ತಿಕೊಂಡೆ. ಸ್ವಲ್ಪ ಅತ್ತಳು, ಬಿಕ್ಕಿದಳು, ನನ್ನ ಭುಜದ ಮೇಲೆ ಜೊಲ್ಲು ಸುರಿಸಿದಳು. ಈಗ ಮತ್ತೆ ಮಲಗಿದ್ದಾಳೆ.

ಇಷ್ಟೇ ಅಪ್ಪ. ಇಷ್ಟಕ್ಕೇ ಹೆದರಿದ್ದೆವು. ನೀನು ಜೋರಾಗಿ ನುಡಿಸಿದ್ದರೆ ನಾನೂ ಅಳುತ್ತಿದ್ದೆ, ನೀನು ಎತ್ತಿಕೊಳ್ಳುತ್ತಿದ್ದೆ, ನಾನು ಸುಮ್ಮನಾಗುತ್ತಿದ್ದೆ. ನನ್ನನ್ನು ಎಬ್ಬಿಸಬಹುದಿತ್ತು.

ನೀನಿರುವ ಕಡೆ ಗೋಡೆಗಳು ದಪ್ಪವಾಗಿರಲಿ, ವೈರು ಉದ್ದವಾಗಿರಲಿ. ಯಾರ ನಿದ್ದೆಗೂ ಹೆದರಬೇಡ.

ಎಚ್ಚರವಾಗಿಯೇ ಇರುವ
ನಿನ್ನ ಕೋತಿ