ಅಟ್ಟಕ್ಕೆ ಹೋದ ಪ್ರಶ್ನೆಗಳು

ಪ್ರೀತಿಯ ಅತ್ತೆ,

ಯಾವ ಸುದ್ದಿಯನ್ನೂ ನಿನಗೆ ಹೇಳದೆ ಹೊಟ್ಟೆಯಲ್ಲಿ ಇಟ್ಟುಕೊಂಡವಳಲ್ಲ ನಾನು. ಇದೊಂದು ಮಾತ್ರ ತಡವಾಯಿತು. ಸಂಕ್ರಾಂತಿ ಕಳೆಯುತ್ತಲೇ ನೀನು ಹೊರಟುಬಿಟ್ಟೆ. ಸಿಇಟಿ ಇದ್ದದ್ದು ಯುಗಾದಿ ಆದಮೇಲೆ. ಅಷ್ಟು ಆತುರ ಏನಿತ್ತು ನಿನಗೆ?

ಮೊದಲ ಸಲದ ಫಲಿತಾಂಶ ಬಂದ ದಿನ ನೆನಪಿದೆಯಾ? ಕೃಷಿ ಬಿಎಸ್ಸಿಯ ಹತ್ತಿರಕ್ಕೂ ಸುಳಿಯದ ರ‍್ಯಾಂಕ್. ಅಪ್ಪ ಜಗಲಿಯಲ್ಲಿ ಕೂತು, "ಸಾಕು ಬುಡಕ್ಕ, ತಿಪಟೂರಲ್ಲೇ ಬಿಎ ಸೇರ್ಕಳ್ಲಿ" ಅಂದ. ತುರುವೇಕೆರೆಯ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸಿ, ನಿವೃತ್ತಿಯಾಗಿ ನಮ್ಮೂರು ಬಿಳಿಗೆರೆಗೆ ಬಂದಿದ್ದ ನೀನು ಸೊಂಟದ ಮೇಲೆ ಕೈ ಇಟ್ಟು ತಮ್ಮನ ಮುಂದೆ ನಿಂತೆ. "ಒಂದ್ ವರ್ಷ ಇವಳನ್ನ ನಂಗೆ ಬುಡು ಕಣಪ್ಪ. ಆಮೇಲೂ ಆಗ್ಲಿಲ್ಲ ಅಂದ್ರೆ ನಾನೇ ಕರ್ಕೊಂಡೋಗಿ ಬಿಎಗೆ ಸೇರಿಸ್ತೀನಿ." ನಿನ್ನೆದುರು ಅಪ್ಪ ಯಾವತ್ತು ಗೆದ್ದಿದ್ದ, ಹೇಳು?

ನಡುಮನೆಯಲ್ಲಿ ನಮ್ಮ ಪಾಠ, ಮೇಲೆ ಅಟ್ಟದಲ್ಲಿ ಅಪ್ಪನ ಕೆಲಸ. ವರ್ಷವಿಡೀ ಒಣಗಲು ಬಿಟ್ಟ ತೆಂಗಿನಕಾಯಿಗಳನ್ನು ಒಂದೊಂದಾಗಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದ. ಒಳಗೆ ಕೊಬ್ಬರಿ ಗಡಗಡ ಉರುಳಿದರೆ ಕೆಳಗಿಳಿಸುವುದು, ನೀರು ಕುಲುಕಿದರೆ ಅಲ್ಲೇ ಬಿಡುವುದು. ನಾನೋ, ಒಂದು ಲೆಕ್ಕ ಬಿಡಿಸದೆ ಮುಂದಿನದಕ್ಕೆ ಹೋಗದ ಹಟಮಾರಿ. ಹಿಂದಿನ ಸಲ ಭೌತಶಾಸ್ತ್ರದಲ್ಲಿ ಮುಳುಗಿದ್ದೇ ಹಾಗೆ. ನೀನು ಪೆನ್ಸಿಲನ್ನು ಮೇಲಕ್ಕೆ ತೋರಿಸಿದೆ. "ನೋಡೇ, ನಿಮ್ಮಪ್ಪ ನೀರಿರೋ ಕಾಯಿ ಕೈಯಾಗಿಟ್ಕೊಂಡು ಒಣಗ್ಲಿ ಅಂತ ಕೂತವ್ನಾ? ಕೈಗೆ ಬರದೇ ಇರೋ ಪ್ರಶ್ನೆನ ಅಟ್ಟದಾಗೆ ಬುಡು. ಎರಡನೇ ಸುತ್ತಿಗೆ ಬಂದು ಅಲ್ಲಾಡ್ಸಿ ನೋಡು." ಅಂದಿನಿಂದ ಬಿಟ್ಟ ಪ್ರಶ್ನೆಗಳಿಗೆಲ್ಲ ನಮ್ಮಿಬ್ಬರ ನಡುವೆ 'ಅಟ್ಟ' ಅಂತಲೇ ಹೆಸರಾಯಿತು.

ನೀನು ಕಲಿಸಿದ ಉಪಾಯಗಳು ಒಂದೇ ಎರಡೇ... ಸೂತ್ರ ಮರೆತರೆ ಉತ್ತರಗಳ ಏಕಮಾನ ನೋಡು, ತಪ್ಪಾದವುಗಳಲ್ಲಿ ಎರಡಾದರೂ ತಾವೇ ಉದುರುತ್ತವೆ. ಸಿಇಟಿಯಲ್ಲಿ ತಪ್ಪಿಗೆ ಅಂಕ ಕಳೆಯುವುದಿಲ್ಲ, ಕೊನೆಗೆ ಯಾವುದನ್ನೂ ಖಾಲಿ ಬಿಟ್ಟು ಏಳಬೇಡ. ಇಷ್ಟನ್ನು ಹೇಳಲು ನೀನು ಗದರಿದ್ದೆಷ್ಟು, ಅದರ ನಡುವೆ ನನ್ನ ಬಾಯಿಗೆ ತುರುಕಿದ ಕೊಬ್ಬರಿ ಬೆಲ್ಲ ಎಷ್ಟು!

ತೆಂಗಿನ ಪ್ರಶ್ನೆ ಕೊಟ್ಟ ಸಂಜೆಯಂತೂ ನೆನೆದರೆ ಈಗಲೂ ನಾಚಿಕೆ. 'ತೆಂಗಿನ ಬಗ್ಗೆ ಸರಿಯಲ್ಲದ ಹೇಳಿಕೆ ಯಾವುದು' ಅಂತ ಕೇಳಿದ್ದೆ ನೀನು. ತೆಂಗು ಅನ್ನುವುದು ಕಣ್ಣಿಗೆ ಬಿದ್ದದ್ದೇ ತಡ, ನಮ್ಮ ಮನೆಯದೇ ಪ್ರಶ್ನೆ ಅನ್ನುವ ಖುಷಿ. ಎಳನೀರು ಬೀಜದೊಳಗಿನ ಆಹಾರ, ಎಂಡೋಸ್ಪರ್ಮ್ ಅನ್ನುವ ಮೊದಲ ಹೇಳಿಕೆಗೇ ಗುರುತು ಹಾಕಿದೆ. ಅದು ನೂರಕ್ಕೆ ನೂರು ಸರಿ, ಕೇಳಿದ್ದು ಸರಿಯಲ್ಲದ್ದನ್ನು! ನೀನು ಕೆಮ್ಮು ಬರುವವರೆಗೂ ನಕ್ಕೆ. "ತೆಂಗಿನ ತೋಟದಾಗೆ ಹುಟ್ಟಿದ್ದಕ್ಕೆ ಮಾರ್ಕ್ಸ್ ಕೊಡಲ್ಲ ಕಣೇ. ಗೊತ್ತಿರೋದನ್ನೇ ಎರಡ್ ಸಲ ಓದ್ಬೇಕು." ಆ ಕೆಮ್ಮು ಆಮೇಲೆ ನಿಲ್ಲಲೇ ಇಲ್ಲ. ಆಸ್ಪತ್ರೆಯ ಮಂಚದಿಂದಲೂ "ಅಟ್ಟದಾಗೆ ಎಷ್ಟು ಉಳೀತೇ?" ಅಂತ ಕೇಳುತ್ತಿದ್ದೆಯಲ್ಲ...

ಪರೀಕ್ಷೆಯ ದಿನ ಏನಾಯಿತು ಗೊತ್ತಾ? ಜೀವಶಾಸ್ತ್ರದ ಪತ್ರಿಕೆಯಲ್ಲಿ ತೆಂಗು ಬಂದೇ ಬಂತು. ಪೆನ್ನು ಆಗಲೇ ಉತ್ತರದ ವೃತ್ತದ ಮೇಲಿತ್ತು. ತಡೆದು ಎರಡನೇ ಸಲ ಓದಿದೆ. 'ಅಲ್ಲ' ಎಲ್ಲೂ ಇರಲಿಲ್ಲ, ಶುದ್ಧ ಸರಳ ಪ್ರಶ್ನೆ. ಆದರೂ ಮೂರನೇ ಸಲ ಓದಿದೆ. ನೀನು ಪಕ್ಕದಲ್ಲೇ ಕೂತಂತಿತ್ತು, ನೀನು ಮತ್ತೆ ಎದ್ದು ಹೋಗುವುದು ಬೇಡ ಅನ್ನಿಸಿತು. ಆಮೇಲೆ ಕಣ್ಣು ಒರೆಸಿಕೊಂಡು ಅಟ್ಟ ಹತ್ತಿದೆ. ಯಾವುದನ್ನೂ ಖಾಲಿ ಬಿಡಲಿಲ್ಲ.

ಮೊನ್ನೆ ಸೀಟು ಹಂಚಿಕೆಯಾಯಿತು ಅತ್ತೆ. ಕೃಷಿ ಬಿಎಸ್ಸಿ ಸಿಕ್ಕಿತು! ಮೊಬೈಲನ್ನು ಅಪ್ಪನ ಕೈಗೆ ಕೊಟ್ಟೆ. ಕನ್ನಡಕ ಏರಿಸಿ ಓದಿದ. ಮತ್ತೆ ಮೇಲಿಂದ ಓದತೊಡಗಿದ.

"ಯಾಕಪ್ಪ, ನಂಬಿಕೆ ಬರ್ಲಿಲ್ವಾ?" ಅಂದೆ.

"ಗೊತ್ತಿರೋದನ್ನೇ ಎರಡ್ ಸಲ ಓದ್ಬೇಕು ಅಂತಿರ್ಲಿಲ್ವಾ ನಮ್ಮಕ್ಕ" ಅಂದ.

ಅತ್ತೆ, ಅವನು ಅಟ್ಟದಲ್ಲಿ ಕೂತು ನಿನ್ನ ಪಾಠವನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದ.

ನಿನ್ನ ಹಟಮಾರಿ,
ಸುಮ