ಆರನೇ ಮಹಡಿಗೆ ದಯವಿಟ್ಟು ‘ಇಲ್ಲ’ ಎನ್ನಿ

ಮೊಹರು ಒತ್ತುವ ಕೈ ಇರುವ ಮಾನ್ಯ ಪರವಾನಗಿ ಅಧಿಕಾರಿಗಳೇ,

ನಿಮ್ಮ ಕಚೇರಿಯ ಮುಂದೆ ಸಾಲುಗಟ್ಟಿ ನಿಲ್ಲುವವರೆಲ್ಲ ಪರವಾನಗಿ ಕೊಡಿ ಎಂದು ಗೋಗರೆಯುವವರು. ಕೊಟ್ಟದ್ದನ್ನು ಹಿಂದಕ್ಕೆ ತೆಗೆದುಕೊಳ್ಳಿ ಎಂದು ಕೇಳುವವಳು ಬಹುಶಃ ನಾನೊಬ್ಬಳೇ. ಅಲೆಕ್ಸಾಂಡ್ರಿಯಾದ ಕಡಲ ದಂಡೆಯಲ್ಲಿರುವ ನಮ್ಮದೇ ಮನೆಯ ಮೇಲೆ, ನನ್ನ ಒಡಹುಟ್ಟಿದ ತಮ್ಮ ಶೌಕತ್ ತನ್ನ ಮಗನ ಮದುವೆಗಾಗಿ ಆರನೇ ಮಹಡಿ ಎಬ್ಬಿಸಲು ನೀವು ಕೊಟ್ಟ ಪರವಾನಗಿ ಅದು. ಬರುವ ಗುರುವಾರ ಕಂಬಗಳಿಗೆ ಕಾಂಕ್ರೀಟ್ ಸುರಿಯುತ್ತಾರೆ. ಆ ಕಂಬಗಳನ್ನು ನಂಬಿ ಮಹಡಿ ಕಟ್ಟುವಂತಿಲ್ಲ. ಇದನ್ನು ನಿಮ್ಮ ಕಚೇರಿಗೆ ಬಂದು ಹೇಳಿದೆ, ಅರ್ಜಿ ಬರೆದೂ ಹೇಳಿದೆ. “ಮೊಹರು ಬಿದ್ದಾಯ್ತಲ್ಲಮ್ಮ, ಇನ್ನೇನು?” ಎಂದರು. ಹಾಗಾಗಿ ಈಗ ಬಹಿರಂಗ ಪತ್ರ ಬರೆದು ಊರಿಗೆಲ್ಲ ಕೇಳುವಂತೆ ಹೇಳುತ್ತಿದ್ದೇನೆ.

ನಮ್ಮೂರಿನಲ್ಲಿ ಮನೆ ಕಟ್ಟುವುದು ಮುಗಿಯುವುದೇ ಇಲ್ಲ. ಗಂಡುಮಗು ಹುಟ್ಟಿದ ಮನೆಯ ತಾರಸಿಯ ಮೇಲೆ ಕಂಬದ ಕಂಬಿಗಳನ್ನು ಆಕಾಶಕ್ಕೆ ಚಾಚಿ ಬಿಟ್ಟಿರುತ್ತಾರೆ, ಅವನ ಮದುವೆಯ ಹೊತ್ತಿಗೆ ಅವನ ಮಹಡಿ ಏಳಲಿ ಎಂದು. ಈ ಕಂಬಿಗಳು ಶೌಕತನ ಮಗ ಹಾಝೆಮ್ ಹುಟ್ಟಿದ ವರ್ಷ ನಮ್ಮ ತಂದೆ ಬಿಟ್ಟವು. ಹುಡುಗ ದಪ್ಪಗಾದ, ಕಂಬಿ ತೆಳುವಾಯಿತು. ಅಷ್ಟೂ ವರ್ಷ ನಾವು ಅವಕ್ಕೆ ಬಟ್ಟೆ ಒಣಗಿಸುವ ಹಗ್ಗ ಕಟ್ಟಿದೆವು, ಡಿಶ್ ಬಿಗಿದೆವು, ಬಕ್ರೀದಿನ ಕುರಿಯನ್ನೂ ಕಟ್ಟಿದೆವು. ಇನ್ನು ಕಡಲ ಗಾಳಿ, ಅದು ತನ್ನ ಉಪ್ಪಿನ ಕೆಲಸವನ್ನು ಯಾರ ಪರವಾನಗಿಯೂ ಇಲ್ಲದೆ ಮಾಡಿಕೊಂಡು ಹೋಯಿತು.

ತಾಂತ್ರಿಕ ಶಾಲೆಯಲ್ಲಿ ನಾನು ಕಲಿಸುವುದೇ ಇದನ್ನು. ಕಾಂಕ್ರೀಟ್ ಒತ್ತಿದರೆ ತಡೆಯುತ್ತದೆ, ಎಳೆದರೆ ಸೀಳುತ್ತದೆ. ಎಳೆತವನ್ನು ತಾಳಲೆಂದೇ ಒಳಗೆ ಉಕ್ಕನ್ನು ಇಡುವುದು. ಒಳಗಿರುವಷ್ಟು ಕಾಲ ಸಿಮೆಂಟಿನ ಕ್ಷಾರ ಆ ಉಕ್ಕನ್ನು ತುಕ್ಕಿನಿಂದ ಕಾಪಾಡುತ್ತದೆ. ಹೊರಗೆ, ಅದೂ ಉಪ್ಪುಗಾಳಿಗೆ ಬಿಟ್ಟರೆ ಕಾಯುವವರು ಯಾರು? ತುಕ್ಕು ಉಕ್ಕಿಗಿಂತ ಹೆಚ್ಚು ಜಾಗ ಕೇಳುತ್ತದೆ. ಅದು ಉಬ್ಬಿ ಸುತ್ತಲಿನ ಕಾಂಕ್ರೀಟನ್ನು ಒಡೆಯುತ್ತದೆ. ಐದನೇ ಮಹಡಿಯಲ್ಲಿ, ನನ್ನ ಮಂಚದ ಪಕ್ಕದ ಕಂಬದಲ್ಲಿ, ಸೂರಿನಿಂದ ಕೆಳಕ್ಕೆ ಕಂಬಿಯ ಗುಂಟ ಬಿರುಕೊಂದು ಇಳಿಯುತ್ತಿದೆ. ಬೆಳಿಗ್ಗೆ ಎದ್ದರೆ ದಿಂಬಿನ ಮೇಲೆ ಗಾರೆಯ ಪುಡಿ ಇರುತ್ತದೆ.

ನಿಮ್ಮ ಪರಿವೀಕ್ಷಕರು ಬಂದಿದ್ದರು, ಇಲ್ಲವೆನ್ನಲಾರೆ. ಕೆಳಮನೆಯಲ್ಲಿ ಕೂತರು, ಚಹಾ ಕುಡಿದರು, ನಮ್ಮಮ್ಮನ ಅಕ್ಕಿ ಪಾಯಸವನ್ನು ಎರಡು ಸಲ ಹಾಕಿಸಿಕೊಂಡರು. ಮೇಲೆ ಬಂದು ನೋಡಿ ಎಂದೆ.

“ಅಯ್ಯೋ ಮೇಡಂ, ಈ ಮಂಡಿ ಇಟ್ಕೊಂಡು ಅಷ್ಟು ಮೆಟ್ಲು ಹತ್ತೋದಾ?” ಎಂದವರೇ ಬೀದಿಗೆ ಇಳಿದು, ಹಣೆಗೆ ಕೈ ಅಡ್ಡ ಹಿಡಿದು ಮೇಲೆ ನೋಡಿದರು. “ಇಲ್ಲಿಂದ್ಲೇ ಕಾಣ್ಸುತ್ತಲ್ಲ! ಮಾಷಾ ಅಲ್ಲಾಹ್, ಕಂಬಿ ಒಳ್ಳೆ ನೆಟ್ಟಗಿವೆ.”

ನೆಟ್ಟಗಿರುವುದು ಬೇರೆ, ಗಟ್ಟಿಯಿರುವುದು ಬೇರೆ ಎಂದು ನನ್ನ ಮೊದಲ ವರ್ಷದ ಮಕ್ಕಳಿಗೂ ಗೊತ್ತು. ಮಾನ್ಯರೇ, ಪರಿವೀಕ್ಷಣೆ ಎಂದರೆ ಚಂದ್ರದರ್ಶನವೇ, ಬೀದಿಯಲ್ಲಿ ನಿಂತು ತಲೆಯೆತ್ತಿ ಮುಗಿಸಲು?

ಮೊಹರು ಬಿದ್ದ ಮೇಲೆ ನಾನೇ ಸುತ್ತಿಗೆ ಹಿಡಿದು ತಾರಸಿಗೆ ಹೋದೆ. ಹಾಝೆಮ್ ಜೊತೆಗಿದ್ದ. ಕಂಬಿಯ ಬುಡಕ್ಕೆ ಒಂದೇಟು ಹಾಕಿದ್ದಕ್ಕೆ ತುಕ್ಕು ಹಪ್ಪಳದಂತೆ ಪದರ ಪದರವಾಗಿ ಉದುರಿತು. ಹೆಬ್ಬೆರಳಿನಷ್ಟಿರಬೇಕಾದ ಕಂಬಿ ಕಿರುಬೆರಳಿನಷ್ಟು ಉಳಿದಿತ್ತು. ಹುಡುಗ ಅದನ್ನು ಮುಟ್ಟಿ ನೋಡಿ, ಬೆರಳಿನ ತುಕ್ಕು ಒರೆಸಿಕೊಳ್ಳುತ್ತ ಕೆಳಗಿಳಿದ. ಸುದ್ದಿ ಕೇಳಿ ಶೌಕತ್ ಮೇಲೆ ಹತ್ತಿ ಬಂದ.

“ಅಕ್ಕಾ, ನಿನ್ ಪಾಠ ಶಾಲೇಲಿಟ್ಕೋ. ಈ ಈದ್ ಒಳಗೆ ಮನೆ ತೋರಿಸ್ಲಿಲ್ಲ ಅಂದ್ರೆ ಹುಡುಗಿ ಅಪ್ಪ ಉಂಗುರ ವಾಪಸ್ ಕಳಿಸ್ತಾನೆ. ಆಮೇಲೆ ನಿನ್ ಕಾಂಕ್ರೀಟ್ ಪುಸ್ತಕಾನ ನನ್ ಮಗನಿಗೆ ಮದುವೆ ಮಾಡಿಸ್ಲಾ?”

“ಕಂಬದ ತಲೆ ಒಡ್ದು, ಒಳ್ಳೆ ಉಕ್ಕು ಸಿಗೋವರೆಗೂ ಇಳ್ದು, ಹೊಸ ಕಂಬಿ ಕೂರಿಸ್ಬೇಕು ಕಣೋ. ಕೆಲವು ತಿಂಗಳು ತಡ ಆಗುತ್ತೆ, ಅಷ್ಟೇ.”

“ಸರ್ಕಾರಾನೇ ಆಗುತ್ತೆ ಅಂದಿದೆ. ನೀನ್ಯಾರೇ ಆಗಲ್ಲ ಅನ್ನೋಕೆ?”

ಮರುದಿನ ಗುತ್ತಿಗೆದಾರ ಕಂಬಿಗಳಿಗೆಲ್ಲ ಕೆಂಪು ಎಣ್ಣೆಬಣ್ಣ ಬಳಿದ. ಈಗ ಅವು ಮದುಮಗನಿಗಿಂತ ಚೆಂದ ಕಾಣುತ್ತವೆ. ಉಕ್ಕು ಕಾಂಕ್ರೀಟನ್ನು ಹಿಡಿದುಕೊಳ್ಳುವುದು ಅದರ ಒರಟು ಮೈಯಿಂದ. ಎಣ್ಣೆಬಣ್ಣ ಆ ಹಿಡಿತವನ್ನೂ ಸಡಿಲಿಸುತ್ತದೆ. ತೆಳುವಾದದ್ದಕ್ಕೆ ಜಾರುವ ಗುಣವೂ ಸೇರಿತು. ಭೂಮಿ ಒಂದಿಷ್ಟು ಅಲುಗಿದರೆ ಹಳೆಯ ಕಂಬಕ್ಕೂ ಹೊಸ ಕಂಬಕ್ಕೂ ನಡುವೆ ಏನು ಉಳಿಯುತ್ತದೆ? ನಿಮ್ಮ ಮೊಹರು ಉಳಿಯುತ್ತದೆ. ಕಾಗದಕ್ಕೆ ತುಕ್ಕು ಹಿಡಿಯುವುದಿಲ್ಲವಲ್ಲ! ನನಗೆ ಭಯವಾಗುತ್ತಿದೆ, ಮಾನ್ಯರೇ. ಅಮ್ಮ ಮಾತ್ರ ಗುರುವಾರ ಕಾಂಕ್ರೀಟ್ ಬಿದ್ದ ಸಂಭ್ರಮಕ್ಕೆ ಹಂಚಲು ಶರಬತ್ತಿನ ಸಕ್ಕರೆ ತರಿಸಿದ್ದಾಳೆ.

ಈ ಪತ್ರ ಬರೆದರೆ ತಮ್ಮ ಜನ್ಮಕ್ಕೂ ಮಾತಾಡಿಸಲಾರ ಎಂದು ಗೊತ್ತಿದ್ದರಿಂದ ನಾನು ಹಿಂದೆಮುಂದೆ ನೋಡುತ್ತಿದ್ದೆ. ಮೊನ್ನೆ ಶುಕ್ರವಾರ ನಮಾಜು ಮುಗಿಸಿಕೊಂಡು ಹಾಝೆಮ್ ನನ್ನ ಬಾಗಿಲಿಗೆ ಬಂದ. ಒಳಗೆ ಬರಲಿಲ್ಲ.

“ಅತ್ತೆ, ಬರೀರಿ. ಬೇಡ ಅಂತ ನಾನಂದ್ರೆ ಅಪ್ಪನ ಎದೆ ಒಡೆಯುತ್ತೆ. ಹುಟ್ದಾಗಿಂದ ಆ ಕಂಬಿ ತೋರ್ಸಿ ‘ಇದು ನಿಂದು’ ಅಂತಿದ್ರು. ರಿಹಾಮ್ ಬೇಡ ಅಂದ್ರೆ ಅವಳ ಅಪ್ಪ ಸುಮ್ನಿರಲ್ಲ. ನೀವಂದ್ರೆ ಹೊಟ್ಟೆಕಿಚ್ಚು ಅಂತಾರೆ. ಕಚೇರಿಯೋರು ಅಂದ್ರೆ ಯಾರೂ ಕೆಟ್ಟೋರಾಗಲ್ಲ.”

“ಮದುವೆ ನಿಂತ್ರೆ?”

“ರಿಹಾಮ್ ಕಾಯ್ತಾಳಂತೆ. ಅವಳನ್ನ ಆ ಮಹಡಿಗೆ ಕರ್ಕೊಂಡು ಬರೋಕೆ ನನಗೆ ಧೈರ್ಯ ಇಲ್ಲ, ಅತ್ತೆ.”

ಕೇಳಿದಿರಲ್ಲ? ಅವನ ಮಾತನ್ನು ಹೀಗೆ ಬಯಲಿಗೆ ಇಟ್ಟದ್ದಕ್ಕೆ ಹುಡುಗ ನನ್ನನ್ನು ಕ್ಷಮಿಸಲಿ, ಬೇರೆ ದಾರಿ ಕಾಣಲಿಲ್ಲ. ಮನೆಯೊಳಗೆ ಪ್ರೀತಿಯ ಕಾರಣಕ್ಕೆ ಯಾರೂ ಹೇಳಲಾಗದ ಒಂದು ಮಾತನ್ನು ಹೊರಗಿನಿಂದ ಹೇಳಲೆಂದೇ ನಿಮ್ಮ ಕಚೇರಿಯನ್ನು ತೆರೆದಿರುವುದು. ನೀವು ಅದೊಂದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಹೇಳುತ್ತೀರಿ.

ನನ್ನ ಬೇಡಿಕೆ ಇಷ್ಟೇ. ಗುರುವಾರದೊಳಗೆ ನೀವೇ ಬನ್ನಿ. ಪ್ರತಿ ಅಂತಸ್ತಿನಲ್ಲೂ ಒಂದು ಕುರ್ಚಿ ಹಾಕಿಸಿರುತ್ತೇನೆ, ಕೂತು ಕೂತು ಹತ್ತಿ. ಸುತ್ತಿಗೆ ನನ್ನದೇ ಇದೆ. ಬಣ್ಣದ ಮೇಲೆ ಒಂದೇಟು ಹಾಕಿ, ಉದುರಿದ್ದನ್ನು ಅಂಗೈಯಲ್ಲಿ ಹಿಡಿದುಕೊಳ್ಳಿ. ಆಮೇಲೂ ಆಗುತ್ತದೆ ಎನ್ನುವುದಾದರೆ ಹಾಝೆಮನನ್ನು ಕರೆಯುತ್ತೇನೆ, ಅವನ ಮುಖ ನೋಡಿ ಹೇಳಿ.

ಇಂತಿ,
ನಿಮ್ಮ ಮೊಹರಿನ ನೇರ ಕೆಳಗೆ ಮಂಚ ಹಾಕಿಕೊಂಡಿರುವ
ಇನ್ಶಿರಾಹ್
ಐದನೇ ಮಹಡಿ, ಸದ್ಯಕ್ಕೆ