ನಳದ ಮೊದಲ ನೀರು

ವಸತಿನಿಲಯಗಳ ಸಿಬ್ಬಂದಿಗೆ ತರಬೇತಿ ಕೊಡಿಸುವ ಮಾನ್ಯ ಅಧಿಕಾರಿಗಳೇ,

ನೀವು ಕಲಿಸಿದ ಪಾಠವನ್ನು ನನ್ನ ಅವ್ವ ಚಾಚೂ ತಪ್ಪದೆ ಪಾಲಿಸಿದಳು. ಅದಕ್ಕೇ ಸತ್ತಳು. ಇದು ನನ್ನ ದೂರು.

ಅವ್ವನ ಹೆಸರು ಸುಶೀಲವ್ವ. ನವಲಗುಂದ ತಾಲ್ಲೂಕಿನ ಒಂದು ಹೆಣ್ಣುಮಕ್ಕಳ ವಸತಿನಿಲಯದಲ್ಲಿ ಅಡುಗೆ, ಕಸ, ನೀರು ಎಲ್ಲ ಅವಳದೇ. ಹೋದ ಬೇಸಿಗೆ ರಜೆಯಲ್ಲಿ ನೀವು ಕಟ್ಟಡದ ನೀರಿನಲ್ಲಿ ಬೆಳೆಯುವ ರೋಗಾಣುಗಳ ಬಗ್ಗೆ ತರಬೇತಿ ನಡೆಸಿದಿರಿ. ನಿಮ್ಮ ತಜ್ಞರು ಪರದೆಯ ಮೇಲೆ ಚಿತ್ರ ತೋರಿಸಿ, ಇಂಗ್ಲಿಷಿನಲ್ಲಿ ಬಹಳ ಸೊಗಸಾಗಿ ಮಾತಾಡಿದರಂತೆ. ಕೊನೆಗೆ ಯಾರೋ ಪುಣ್ಯಾತ್ಮರು ಕನ್ನಡದಲ್ಲಿ ಸಾರಾಂಶ ಹೇಳಿದರು: ಮುಚ್ಚಿದ್ದ ಕಟ್ಟಡ ತೆರೆಯುವ ಮೊದಲು ನಳಗಳನ್ನೆಲ್ಲ ಸ್ವಲ್ಪ ಹೊತ್ತು ಬಿಡಿ. ಅಷ್ಟೇ. ಏಕೆ ಬಿಡಬೇಕು, ಬಿಟ್ಟ ನೀರು ಎಲ್ಲಿಗೆ ಹೋಗಬೇಕು ಎಂಬುದು ಬಹುಶಃ ಊಟದ ಹೊತ್ತಾದ್ದರಿಂದ ಉಳಿದುಹೋಯಿತು.

ಮಾನ್ಯರೇ, ನಮ್ಮ ಸೀಮೆಯನ್ನು ನೀವು ಜೀಪಿನ ಕಿಟಕಿಯಿಂದಲಾದರೂ ನೋಡಿರಬೇಕಲ್ಲ? ಇಲ್ಲಿ ಬಾವಿ ತೋಡಿದರೆ ಸವುಳು ನೀರು. ಕೆರೆಯಿಂದ ಕೊಡ ಹೊತ್ತು ಬೆಳೆದವರು ನಾವು. ಮುಸುರೆ ನೀರು ಎಮ್ಮೆಗೆ, ಬಟ್ಟೆ ಒಗೆದ ನೀರು ಅಂಗಳಕ್ಕೆ. ಸಣ್ಣವಳಿದ್ದಾಗ ನಾನು ತಂಬಿಗೆ ಉರುಳಿಸಿದರೆ ಅವ್ವ ಬೆನ್ನಿಗೆ ಗುದ್ದಿ, "ನೀರ ಚೆಲ್ಲಿದ್ರ ಪಾಪ ಬರತೈತಿ, ಖೋಡಿ" ಅನ್ನುತ್ತಿದ್ದಳು. ಅಂಥವಳಿಗೆ ನಳ ಬಿಡು ಅಂದರೆ ಏನು ಮಾಡಿಯಾಳು? ಪ್ರತಿ ನಳದ ಕೆಳಗೂ ಬಕೆಟ್ ಇಟ್ಟಳು. ನಿಂತ ನೀರು ಕುಡಿಯಲು ಬೇಡ ಎಂದು ಅವಳಿಗೇ ಹೊಳೆಯಿತು, ಜಾಣೆ. ಆದ್ದರಿಂದ ತಂಪು ಗಾಳಿ ಬೀಸುವ ಕೂಲರಿಗೆ ಸುರಿದಳು. ಮಧ್ಯಾಹ್ನ ಅದರ ಮುಂದೆಯೇ ಚಾಪೆ ಹಾಸಿ ಮಲಗಿದಳು.

ಬಿಸಿಲಿಗೆ ಬೆಚ್ಚಗಾಗಿ ಕೊಳವೆಯಲ್ಲಿ ನಿಂತ ನೀರಿನ ರೋಗಾಣು ಹೊಟ್ಟೆಯಿಂದಲ್ಲ, ನಳ, ಕೂಲರ್ ಸಿಡಿಸುವ ಸಣ್ಣ ಹನಿಗಳ ಜೊತೆ ಉಸಿರಿನಿಂದ ಒಳಗೆ ಹೋಗುತ್ತದೆ ಎಂದು ನಮಗೆ ಹುಬ್ಬಳ್ಳಿಯ ವೈದ್ಯರು ಹೇಳಿದರು. ಆಗ ಅವ್ವನ ಮೂಗಿಗೆ ಆಮ್ಲಜನಕದ ಕೊಳವೆ ಹಾಕಿದ್ದರು. ಅವಳು ನನ್ನ ಕೈ ಹಿಡಿದು ಕೇಳಿದ್ದು ಒಂದೇ: "ಯವ್ವಾ, ನಳಾ ಎಲ್ಲಾ ಬಂದ್ ಮಾಡಿ ಬಂದೀನಿಲ್ಲ ನಾ?"

ವೈದ್ಯರ ಮಾತನ್ನು ಆಗಲೇ ನಿಮ್ಮ ಕಚೇರಿಗೆ ಬಂದು ತಿಳಿಸಿದ್ದೆ. "ಗಮನಿಸುತ್ತೇವೆ" ಅಂದಿರಿ. ಎಷ್ಟು ಗಮನಿಸಿದಿರಿ ಎಂಬುದನ್ನು ಮೊನ್ನೆ ಕಂಡೆ. ವರ್ಷದಿಂದ ಅಲ್ಲೇ ಉಳಿದಿದ್ದ ಅವ್ವನ ಸೀರೆ, ತಾಟು ತರಲು ವಸತಿನಿಲಯಕ್ಕೆ ಹೋಗಿದ್ದೆ. ಈ ವರ್ಷದ ತರಬೇತಿಯೂ ಮುಗಿದಿತ್ತು, ಅವೇ ಚಿತ್ರ ತೋರಿಸಿದರಂತೆ. ಒಳಗೆ ಕೂಲರ್ ಗರಗರ ತಿರುಗುತ್ತಿತ್ತು. ಅವ್ವನ ಕೈಕೆಳಗೆ ಕೆಲಸ ಕಲಿತ ಮಾಬುಬಿ ಸೊಂಟ ಬಾಗಿಸಿ ಅದಕ್ಕೆ ಬಕೆಟ್ ನೀರು ಹೊಯ್ಯುತ್ತಿದ್ದಳು, ಥೇಟ್ ಅವ್ವನಂತೆ. ಒಂದು ಗಳಿಗೆ ನನಗೆ ಅವ್ವನೇ ಕಂಡಳು.

"ಏನ್ ಮಾಡಾಕತ್ತೀಯ, ಮಾಬುಬಿ?"

"ಸುಶೀಲಕ್ಕ ಹಿಂಗ ಮಾಡತಿದ್ರಲ್ಲವಾ. ನಳಾ ಬಿಡ್ರಿ ಅಂದಾರ, ನೀರ ಚೆಲ್ರಿ ಅಂತ ಯಾರೂ ಅಂದಿಲ್ಲ."

ಅವ್ವ ನ್ಯುಮೋನಿಯಾದಿಂದ ಸತ್ತಳು ಎಂದಷ್ಟೇ ಅವಳಿಗೆ ಗೊತ್ತು. ನಾನು ಕೂಲರ್ ಆರಿಸಿ, ಉಳಿದ ಬಕೆಟನ್ನು ಬಚ್ಚಲಿಗೆ ಚೆಲ್ಲಲು ಹೋದರೆ ಓಡಿ ಬಂದು ಕೈ ಹಿಡಿದಳು: "ಬ್ಯಾಡವಾ, ಪಾಪ ಬರತೈತಿ!" ಆ ಮಾತು ಈಗಲೂ ಕಿವಿಯಲ್ಲಿದೆ. ಅದು ಯಾರ ದನಿ ಎಂದು ಹೇಳಲಾರೆ.

ಆದ್ದರಿಂದ ಶಾಲೆ ತೆರೆಯುವ ಮೊದಲು ನೀವೇ ಬನ್ನಿ. ಪರದೆ ಬೇಡ. ಆ ಕೂಲರಿನ ಪಕ್ಕದಲ್ಲಿ ನಿಂತು, ಈ ರೋಗ ಉಸಿರಿನಿಂದ ಬರುತ್ತದೆ ಎಂದು ಮಾಬುಬಿಗೆ ತಿಳಿಯುವ ಮಾತಿನಲ್ಲಿ ಹೇಳಿ. ಹನಿ ಸಿಡಿಯದಂತೆ ನಳ ಮೆಲ್ಲಗೆ ಬಿಡುವುದನ್ನು ತೋರಿಸಿ. ಮೊದಲ ಬಕೆಟನ್ನು ಎಲ್ಲರೆದುರು ನಿಮ್ಮ ಕೈಯಾರೆ ಚೆಲ್ಲಿ. ಪಾಪ ಬಂದರೆ ನಿಮಗೇ ಬರಲಿ. ಅವ್ವನ ಸಾವನ್ನೇ ಹೊತ್ತವರಿಗೆ ಅದೇನು ಭಾರ?

ಇಂತಿ,
ಅವ್ವನ ಮಾತು ಮೀರಿ ನೀರು ಚೆಲ್ಲಲು ಕಲಿಯುತ್ತಿರುವ
ಅಮೃತಾ, ತಿರ್ಲಾಪುರ